ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳು

ಪ್ರೀತಿಯ ತಂಗಿ,

ನೀನು ಕಳಿಸಿದ ಬರಹ ಓದಿದೆ. ನಿಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯ ಬಗ್ಗೆ ಬರೆದಿದ್ದೀಯ. ಮುಚ್ಚುವ ಹೊತ್ತು ಕಳೆದ ಮೇಲೂ ಅವರು ಮಕ್ಕಳಿಗೋಸ್ಕರ ಬಾಗಿಲು ತೆರೆದಿಟ್ಟು ಕೂತಿರುತ್ತಾರೆ. ಒಳ್ಳೆಯ ವಿಷಯ ಸಿಕ್ಕಿದೆ ನಿನಗೆ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದೀಯ: "ಅಕ್ಕಾ, ಒಬ್ಬ ಸಾಮಾನ್ಯ ಮನುಷ್ಯರಿಂದ ನಿಜವಾಗ್ಲೂ ಏನಾದ್ರೂ ಬದಲಾಗುತ್ತಾ? ಇದನ್ನೆಲ್ಲ ಬರೆದು ಏನುಪಯೋಗ?"

ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಬರಹದ ಮಾತು.

ಮೊದಲ ಪ್ಯಾರಾದಲ್ಲೇ ಅವರನ್ನು 'ಎಲೆಮರೆಯ ಕಾಯಿ' ಅಂದಿದ್ದೀಯ. ಮುಂದೆ 'ನಿಸ್ವಾರ್ಥ ಸೇವೆ' ಬರುತ್ತದೆ. ಆಮೇಲೆ 'ಸಮಾಜಕ್ಕೇ ಮಾದರಿ'. ಇವನ್ನೆಲ್ಲ ಹೊಡೆದು ಹಾಕಿ ನೋಡಿದೆ. ಉಳಿದದ್ದು ಒಬ್ಬ ಹೆಂಗಸು, ಒಂದು ಕೋಣೆ, ಒಂದಿಷ್ಟು ಪುಸ್ತಕ. ಆ ಕೋಣೆಯಲ್ಲಿ ಕರೆಂಟು ಹೋದರೆ ಏನು ಮಾಡುತ್ತಾರೆ? ಯಾವ ಪುಸ್ತಕದ ರಟ್ಟು ಕಿತ್ತು ಬಂದಿದೆ? ಕತ್ತಲಾದ ಮೇಲೆ ಹೆಣ್ಣುಮಕ್ಕಳು ಮನೆಗೆ ಹೇಗೆ ಹೋಗುತ್ತಾರೆ? ಇವರು ತಡವಾಗಿ ಮನೆ ಸೇರಿದರೆ ಅಡುಗೆ ಯಾರು ಮಾಡುತ್ತಾರೆ? ಇದೊಂದೂ ಗೊತ್ತಾಗಲಿಲ್ಲ. ಹೊಗಳಿಕೆ ಜಾಸ್ತಿಯಾಗಿ ಮನುಷ್ಯರು ಕಾಣದಂತಾಗಿದ್ದಾರೆ.

ಇದು ನಿನ್ನೊಬ್ಬಳ ಚಾಳಿಯಲ್ಲ. ನಮ್ಮಲ್ಲಿ ಒಳ್ಳೆಯ ಕೆಲಸ ಮಾಡಿದವರನ್ನು ಕಂಡ ಕೂಡಲೇ ಶಾಲು ತರುತ್ತೇವೆ. ಸಾಲುಮರದ ತಿಮ್ಮಕ್ಕನವರಿಗೆ ಎಷ್ಟು ಶಾಲು ಹೊದಿಸಿದೆವೋ ಲೆಕ್ಕವಿಲ್ಲ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಆಲದ ಮರಗಳು ಪಠ್ಯಪುಸ್ತಕಕ್ಕೂ ಬಂದವು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡಿಗೆ ನಾಡೇ ಬರೆಯಿತು. ಆದರೆ ಅವರ ಗಂಡ ಚಿಕ್ಕಯ್ಯ? ಆ ಗಿಡಗಳನ್ನು ಇಬ್ಬರೂ ಸೇರಿ ನೆಟ್ಟಿದ್ದು. ನೀರು ಹೊತ್ತದ್ದು, ದನ ಬಾಯಿ ಹಾಕದ ಹಾಗೆ ಸುತ್ತ ಮುಳ್ಳು ಕಟ್ಟಿದ್ದು ಇಬ್ಬರೂ ಸೇರಿ. ಚಿಕ್ಕಯ್ಯ 1991ರಲ್ಲೇ ಹೋಗಿಬಿಟ್ಟರು. ಪ್ರಶಸ್ತಿಗಳು ಶುರುವಾದದ್ದು ಆಮೇಲೆ. ಹಾಗಾಗಿ ಬಹಳಷ್ಟು ಬರಹಗಳಲ್ಲಿ ಅವರದು ಅರ್ಧ ಸಾಲು. ಇನ್ನೊಂದು ಮಾತು. ತಿಮ್ಮಕ್ಕ ತಮ್ಮೂರಿಗೆ ಒಂದು ಆಸ್ಪತ್ರೆ ಬೇಕು ಎಂದು ವರ್ಷಗಟ್ಟಲೆ ಕೇಳುತ್ತಿದ್ದರು. ನಾವು ಅವರನ್ನು 'ವೃಕ್ಷಮಾತೆ' ಎಂದು ಕರೆದೆವು, ಕೈಮುಗಿದೆವು, ಫೋಟೋ ತೆಗೆಸಿಕೊಂಡೆವು. ದೇವರು ಮಾಡಿಬಿಟ್ಟರೆ ಇದೊಂದು ಅನುಕೂಲ ನೋಡು. ಅವರು ಕೇಳಿದ್ದನ್ನು ಕೊಡಬೇಕಾಗಿಲ್ಲ.

ಈಗ ನಿನ್ನ ಪ್ರಶ್ನೆ. ಬದಲಾಗುತ್ತದೆ. ಆದರೆ ನಾವು ಬರೆಯುವ ಹಾಗೆ ಅಲ್ಲ.

ಹರೇಕಳ ಹಾಜಬ್ಬರ ಕತೆ ನಿನಗೆ ಗೊತ್ತಿದ್ದೇ ಇರುತ್ತದೆ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಹೇಳಲಾಗದೆ ನಿಂತರು. ಶಾಲೆಗೇ ಹೋಗದ ಮನುಷ್ಯ. ನಮ್ಮ ನ್ಯೂಪಡ್ಪುವಿನ ಮಕ್ಕಳಿಗೆ ಹೀಗಾಗಬಾರದು ಎಂದುಕೊಂಡು ಶಾಲೆಯ ಬೆನ್ನು ಹತ್ತಿದರು. 2020ರಲ್ಲಿ ಪದ್ಮಶ್ರೀ ಪ್ರಕಟವಾಯಿತು. ಮರುವರ್ಷ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ತೆಗೆದುಕೊಂಡರು. ಎಲ್ಲರೂ ಬರೆಯುವುದು ಇಷ್ಟನ್ನೇ. ಕಿತ್ತಳೆ ಬುಟ್ಟಿಯಿಂದ ಹಾರಿದರೆ ನೇರ ದೆಹಲಿ!

ನಡುವೆ ಇಪ್ಪತ್ತು ವರ್ಷ ಇತ್ತಲ್ಲ, ಅದೆಲ್ಲಿ ಹೋಯಿತು?

ನನಗೆ ಆ ಇಪ್ಪತ್ತು ವರ್ಷದ ಮೇಲೇ ಕಣ್ಣು. ಹಾಜಬ್ಬರು ಖಾಸಗಿ ಶಾಲೆ ತೆರೆಯಲಿಲ್ಲ. ಬುಟ್ಟಿಯಲ್ಲಿ ಹಣ್ಣು ಮಾರಿ ಬರುವ ದುಡ್ಡಲ್ಲಿ ಇಡೀ ಶಾಲೆ ಎದ್ದಿತು ಅಂತ ನೀನು ಬರೆದರೆ, ಓದುವವರು ಲೆಕ್ಕ ಹಾಕುವುದಿಲ್ವಾ? ಅವರು ತಮ್ಮ ಉಳಿತಾಯ ಹಾಕಿದರು, ನಿಜ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು ಮಾಡಿದರು. ಸರಕಾರಿ ಶಾಲೆಯನ್ನು ತಮ್ಮೂರಿಗೆ ಕರೆತಂದರು. ಅಂದಿನ ಶಾಸಕರು ಯು.ಟಿ. ಫರೀದ್. ಅವರ ಬೆಂಬಲ ಸಿಕ್ಕಿತು. ಮೊದಲು ಮದರಸದ ಜಾಗದಲ್ಲಿ 28 ಮಕ್ಕಳೊಂದಿಗೆ ಪಾಠ ಶುರುವಾಯಿತು. ಆಮೇಲೆ ಜಾಗ, ಕಟ್ಟಡ, ಒಂದೊಂದೇ ತರಗತಿ, ಕೊನೆಗೆ ಹೈಸ್ಕೂಲು. ಪ್ರತಿಯೊಂದಕ್ಕೂ ಅರ್ಜಿ, ಪ್ರತಿಯೊಂದಕ್ಕೂ ಕಚೇರಿ. ಓದಲು ಬರದವರು ಕಡತದ ಹಿಂದೆ ಓಡಾಡುವುದು ಹೇಗಿರುತ್ತದೆ, ಸ್ವಲ್ಪ ಯೋಚಿಸು. ಅರ್ಜಿ ಬರೆಯಲು ಒಬ್ಬರು ಬೇಕು. ಅದರಲ್ಲಿ ಏನಿದೆ ಎಂದು ಓದಿ ಹೇಳಲು ಒಬ್ಬರು ಬೇಕು. "ಸಾಹೇಬ್ರು ಇವತ್ತಿಲ್ಲ, ನಾಳೆ ಬನ್ನಿ" ಅಂದರೆ ಆ ದಿನದ ವ್ಯಾಪಾರವೂ ಹೋಯಿತು.

ಶಾಲೆ ಸರಕಾರದ್ದಾದ ಮೇಲೆ ಮೇಷ್ಟ್ರಿಗೆ ಸಂಬಳ ಸರಕಾರ ಕೊಡುತ್ತದೆ. ಬಿಸಿಯೂಟ, ಪುಸ್ತಕ, ಸಮವಸ್ತ್ರ ಬರುತ್ತವೆ. ಹಾಜಬ್ಬರಿಗೆ ಹುಷಾರಿಲ್ಲದಿದ್ದರೂ ಬೆಳಿಗ್ಗೆ ಗಂಟೆ ಹೊಡೆಯುತ್ತದೆ. ಒಬ್ಬರ ಹೆಗಲ ಮೇಲೆ ನಿಂತ ಕೆಲಸ ಅವರ ಜೊತೆಗೇ ಮುಗಿಯುತ್ತದೆ. ಇವರು ಅದನ್ನು ಹೆಗಲಿಂದ ಇಳಿಸಿ ಎಲ್ಲಿ ಇಡಬೇಕೋ ಅಲ್ಲಿ ಇಟ್ಟರು. ನನಗೆ ಪದ್ಮಶ್ರೀಗಿಂತ ದೊಡ್ಡದಾಗಿ ಕಾಣುವುದು ಇದು.

ಬರೆದು ಏನುಪಯೋಗ ಅಂದೆಯಲ್ಲ. ಹಾಜಬ್ಬರನ್ನು ದೇಶ ಗುರುತಿಸುವ ಎಷ್ಟೋ ವರ್ಷ ಮೊದಲೇ ಕನ್ನಡ ಪತ್ರಿಕೆಗಳು ಅವರ ಬಗ್ಗೆ ಬರೆದವು. ಕನ್ನಡಪ್ರಭ 'ವರ್ಷದ ವ್ಯಕ್ತಿ' ಎಂದು ಆರಿಸಿತು. ಬಂದ ಬಹುಮಾನದ ಹಣವನ್ನು ಅವರು ಶಾಲೆಗೇ ಹಾಕಿದರು. ಮುಂದೆ ಯಾವುದಾದರೂ ಕಚೇರಿಯ ಬಾಗಿಲಲ್ಲಿ ನಿಂತಾಗ "ಓ, ಪೇಪರಲ್ಲಿ ಬಂದಿತ್ತಲ್ಲ, ಅವರೇನಾ?" ಎಂದು ಒಬ್ಬ ಗುಮಾಸ್ತ ಕುರ್ಚಿ ಸರಿಸಿದರೂ ಬರೆದವರ ಕೆಲಸ ಆದಂತೆಯೇ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡ, ಕಡಿಮೆಯೂ ಬೇಡ.

ಎಲ್ಲ ಕೆಲಸಕ್ಕೂ ಅರ್ಜಿ ಬೇಕು ಅಂತಲ್ಲ. ದಕ್ಷಿಣ ಕನ್ನಡದ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಯಾರ ಬಾಗಿಲಿಗೂ ಹೋಗಲಿಲ್ಲ. ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ತೋಟದ ಯಜಮಾನರು ಕೊಟ್ಟ ಎರಡು ಎಕರೆ ಬೋಳು ಗುಡ್ಡದಲ್ಲಿ ನೀರಿರಲಿಲ್ಲ. ಆ ಸೀಮೆಯಲ್ಲಿ ನೀರಿಗೆ ಸುರಂಗ ಕೊರೆಯುವುದು ಹಳೆಯ ವಿದ್ಯೆ. ಬಾವಿಯ ಹಾಗೆ ಕೆಳಕ್ಕಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯಬೇಕು. ನೀರಿನ ಒರತೆ ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ, ಇಳಿಜಾರಿಗೆ ತಾನೇ ಹರಿದು ಬರುತ್ತದೆ. ಸಿಗದಿದ್ದರೆ ಅಷ್ಟೂ ದಿನದ ಬೆವರು ಮಣ್ಣುಪಾಲು. ನಾಯ್ಕರು ಕೂಲಿ ಮುಗಿಸಿ ಬಂದು ದೀಪ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಮುರಕಲ್ಲು ಅಗೆಯುವುದೂ ತಾವೇ, ಅಗೆದ ಮಣ್ಣು ಹೊತ್ತು ತರುವುದೂ ತಾವೇ. ಒಂದಾದ ಮೇಲೊಂದು ಸುರಂಗ ಒಣಗಿಯೇ ಇತ್ತು. ಊರವರು ನಕ್ಕರು. ಅವರು ಬಿಡಲಿಲ್ಲ. ಕೊನೆಗೆ ನೀರು ಬಂತು, ತೋಟವೂ ಎದ್ದಿತು. 2022ರಲ್ಲಿ ಪದ್ಮಶ್ರೀ ಬಂತು.

ಇವರು ಜಗತ್ತನ್ನು ಬದಲಾಯಿಸುತ್ತೇನೆ ಎಂದು ಹೊರಟವರೇ ಅಲ್ಲ. ತನ್ನ ಗಿಡಕ್ಕೆ ನೀರು ಬೇಕಿತ್ತು, ಅಷ್ಟೇ. ಬರೆಯುವಾಗ ಅದನ್ನು ಅಷ್ಟಕ್ಕೇ ಬಿಡು. ಇಲ್ಲದ ಆದರ್ಶವನ್ನು ಅವರ ಬಾಯಿಗೆ ತುರುಕಬೇಡ.

ಆ ಕಡೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ'ಯ ಕೆಲವು ಸಂಚಿಕೆ ತರಿಸಿ ಓದು. ನೀನು ಅಡಿಕೆ ಬೆಳೆಯುವುದಿಲ್ಲ, ಗೊತ್ತು. ಆದರೂ ಓದು. 1988ರಲ್ಲಿ ಶುರುವಾದ ಪತ್ರಿಕೆ. 'ಕೃಷಿಕರ ಕೈಗೆ ಲೇಖನಿ' ಅದರ ಘೋಷಣೆ. ಅಲ್ಲಿ ಬರೆಯುವವರು ಹೆಚ್ಚಿನವರು ರೈತರೇ. ಇಂಥ ಕಡೆ ಇಂಥ ಇಂಗುಗುಂಡಿ ತೋಡಿದೆ, ಇಷ್ಟು ಖರ್ಚಾಯಿತು, ಇಲ್ಲಿ ಎಡವಟ್ಟಾಯಿತು. ಕೊನೆಗೆ ಫೋನ್ ನಂಬರು. ಓದಿದವರು ಬೇಕಾದರೆ ಆ ರೈತನಿಗೇ ಫೋನ್ ಮಾಡಿ ಕೇಳಬಹುದು. ನಮ್ಮ ಸಾಹಿತ್ಯದಲ್ಲಿ ಎಷ್ಟು ಬರಹಕ್ಕೆ ಆ ಧೈರ್ಯ ಇದೆ ಹೇಳು! ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ನನ್ನ ವಾಕ್ಯ ಚಿಕ್ಕದಾದದ್ದು ದೊಡ್ಡ ಕಾದಂಬರಿಗಳನ್ನು ಓದಿಯಲ್ಲ, ಇಂಥವರನ್ನು ಓದಿ.

ಇನ್ನೊಬ್ಬ ಗುರುವನ್ನೂ ಪರಿಚಯಿಸುತ್ತೇನೆ. ಮಾಹಿತಿ ಹಕ್ಕಿನ ಅರ್ಜಿ. ನಗಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಶುಲ್ಕ 10 ರೂಪಾಯಿ. ಪದಮಿತಿ ಇಟ್ಟದ್ದರ ಬಗ್ಗೆ ನನಗೆ ತಕರಾರಿದೆ. ಓದುಬರಹ ಕಡಿಮೆ ಇರುವವರಿಗೆ ಅದೊಂದು ಅಡ್ಡಿಯೇ. ಆದರೆ ಬರಹಗಾರರಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಶಾಲೆಗೆ ಹೋಗುವ ದಾರಿಯ ಮೋರಿ ಕಟ್ಟಿ ವರ್ಷವಾಗುವುದರೊಳಗೆ ಒಂದು ಕಡೆ ಕುಸಿಯಿತು. ಊರವರು ದೊಡ್ಡ ಮನವಿ ಬರೆದರು. 'ಸಾರ್ವಜನಿಕರ ಹಿತದೃಷ್ಟಿಯಿಂದ', 'ದಯಾಪರರಾದ ತಾವು' ಎಲ್ಲ ಇತ್ತು. ಏನೂ ಆಗಲಿಲ್ಲ. ಮೇಷ್ಟ್ರು ಒಂದು ಅರ್ಜಿ ಹಾಕಿದರು. ಈ ಮೋರಿಗೆ ಮಂಜೂರಾದ ಹಣ ಎಷ್ಟು? ಕೆಲಸ ಮುಗಿದ ದಿನಾಂಕ ಯಾವುದು? ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದ ಪ್ರತಿ ಕೊಡಿ. ಎಷ್ಟು ದಿನದೊಳಗೆ ಕೆಟ್ಟರೆ ಗುತ್ತಿಗೆದಾರರೇ ಸರಿಮಾಡಿಸಬೇಕು ಎಂಬ ಷರತ್ತಿನ ಪ್ರತಿ ಕೊಡಿ. ಇಷ್ಟೇ. ಬೈಗುಳ ಇಲ್ಲ, ಬೇಡಿಕೆ ಇಲ್ಲ. ಉತ್ತರ ಕೊಡಲು ಕಚೇರಿಗೆ 30 ದಿನ ಇರುತ್ತದೆ. ಆ ಗಡುವು ಮುಗಿಯುವ ಮೊದಲೇ ಜಲ್ಲಿ ಬಂದು ಬಿತ್ತು. ಅರ್ಜಿಯಿಂದಲೇ ಬಂತಾ, ಸುಮ್ಮನೆ ಬಂತಾ, ಯಾರು ಹೇಳಬೇಕು? ಮೇಷ್ಟ್ರನ್ನು ಕೇಳಿದರೆ "ಅದೆಲ್ಲ ನಂಗ್ಯಾಕೆ, ಮಕ್ಕಳು ದಾಟ್ತಿದ್ದಾರಲ್ಲ" ಅನ್ನುತ್ತಿದ್ದರು. ಅವರಿಗೆ ಸನ್ಮಾನ ಆಗಲಿಲ್ಲ. ಗುತ್ತಿಗೆದಾರರ ಮನೆಯ ಮದುವೆಗೆ ಕರೆಯೋಲೆಯೂ ಬರಲಿಲ್ಲ. ಸಣ್ಣ ಊರಲ್ಲಿ ಅದು ಸಣ್ಣ ಶಿಕ್ಷೆಯಲ್ಲ, ನಿನಗೆ ಗೊತ್ತು. ಒಬ್ಬರು ಮಾಡುವ ಕೆಲಸಕ್ಕೆ ಅವರು ತೆತ್ತದ್ದು ಏನು ಅಂತ ಬರೆಯುವಾಗ ಇಂಥದ್ದನ್ನೂ ಸೇರಿಸು.

ಈಗ ಮತ್ತೆ ನಿಮ್ಮ ಗ್ರಂಥಾಲಯಕ್ಕೆ ಬರೋಣ.

ಪಂಚಾಯಿತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂಬ ಬೋರ್ಡು ಬಂದಿದೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಎಂದರು. ಬೆಂಗಳೂರಿನಲ್ಲಿ ಕೂತು ಮಾಡಿದ ಒಳ್ಳೆಯ ಆದೇಶ. ಅದು ಊರೂರು ದಾಟಿ ಕೊನೆಗೆ ಒಂದು ಬೀಗದ ಹತ್ತಿರ ಬಂದು ನಿಲ್ಲುತ್ತದೆ. ಬೀಗದ ಕೈ ಒಬ್ಬರ ಹತ್ತಿರ ಇರುತ್ತದೆ. ಅವರು ಹೊತ್ತಿಗೆ ಸರಿಯಾಗಿ ಮುಚ್ಚಿ ಹೋದರೆ ಯಾರೂ ತಪ್ಪು ಹೇಳುವ ಹಾಗಿಲ್ಲ. ಆದರೆ ಹೊಲದ ಕೆಲಸ ಮುಗಿಸಿ, ತಮ್ಮನನ್ನು ನೋಡಿಕೊಂಡು, ಮುಸ್ಸಂಜೆಗೆ ಬರುವ ಹುಡುಗಿಗೆ ಆ ಆದೇಶದಿಂದ ಏನೂ ಸಿಗುವುದಿಲ್ಲ. ನಿಮ್ಮ ಮೇಲ್ವಿಚಾರಕಿ ತೆರೆದಿಡುವುದು ಆ ಒಂದು ಗಂಟೆಯನ್ನು. ಸಾಮಾನ್ಯ ಮನುಷ್ಯರು ತರುವ ಬದಲಾವಣೆ ಬಹಳ ಸಲ ಇಂಥ ಜಾಗದಲ್ಲೇ ಇರುತ್ತದೆ. ಇರುವ ವ್ಯವಸ್ಥೆ ಕೊನೆಯ ಬಾಗಿಲಲ್ಲಿ ತೆರೆಯುತ್ತದಾ, ಮುಚ್ಚಿಯೇ ಇರುತ್ತದಾ ಎಂಬಲ್ಲಿ. ನಿನ್ನ ಬರಹ ಅಲ್ಲಿಂದ ಶುರುವಾಗಲಿ.

ಒಂದು ಸಂಜೆ ಹೋಗಿ ಪೂರ್ತಿ ಕೂತುಕೋ. ಪ್ರಶ್ನೆ ಕೇಳಲು ಆತುರ ಬೇಡ. ಮಕ್ಕಳು ಬಂದು ಮೊದಲು ಯಾವ ಕಪಾಟಿಗೆ ಕೈ ಹಾಕುತ್ತಾರೆ ನೋಡು. ಎರವಲು ರಿಜಿಸ್ಟರ್ ತೋರಿಸಲು ಕೇಳು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಆ ಮಗುವನ್ನು ಮಾತಾಡಿಸು. ಮೇಲ್ವಿಚಾರಕಿಗೆ ತಿಂಗಳಿಗೆ ಸಂಬಳ ಅಂತ ಏನೋ ಬರುತ್ತದೆ. ಅದು ಎಷ್ಟು, ಯಾವಾಗ ಕೈಗೆ ಬರುತ್ತದೆ, ಕೇಳು. 'ನಿಸ್ವಾರ್ಥ' ಎಂದು ಬರೆದರೆ ಈ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೇ ಆ ಪದ ಕಂಡರೆ ನನಗೆ ಸಿಟ್ಟು. ಅವರು ಬೇಸರದಲ್ಲಿ ಏನಾದರೂ ಗೊಣಗಿದರೆ ಅದನ್ನೂ ಬರೆದುಕೋ. ಸದಾ ನಗುತ್ತಾ ಇರುವ ಮೇಲ್ವಿಚಾರಕಿಯನ್ನು ಯಾರೂ ನಂಬುವುದಿಲ್ಲ.

ಪತ್ರಿಕೆಗೆ ಕಳಿಸುವ ಮೊದಲು ಒಂದು ಮಾತು. ಹೊತ್ತು ಮೀರಿ ಬಾಗಿಲು ತೆರೆದಿಡುವುದಕ್ಕೆ ಪಂಚಾಯಿತಿಯವರ ಒಪ್ಪಿಗೆ ಇದೆಯಾ ಅಂತ ಅವರನ್ನೇ ಕೇಳು. ಇಲ್ಲದಿದ್ದರೆ ನಿನ್ನ ಲೇಖನ ನೋಡಿ ಯಾರೋ ಒಬ್ಬರು ನೋಟಿಸು ಕೊಟ್ಟಾರು. ಹೆಸರು ಹಾಕಬೇಕಾ ಬೇಡವಾ ಅವರೇ ಹೇಳಲಿ. ಸಂಬಳದ ಸಾಲು ಬೇಡ ಅಂದರೆ ತೆಗೆದುಬಿಡು, ಆ ವಿಷಯವನ್ನು ಬೇರೆ ಊರುಗಳ ಮೇಲ್ವಿಚಾರಕರನ್ನೂ ಕೇಳಿ ಪ್ರತ್ಯೇಕವಾಗಿ ಬರೆಯಬಹುದು. ಅದು ಇದಕ್ಕಿಂತ ಒಳ್ಳೆಯ ಲೇಖನ ಆದರೂ ಆಗಬಹುದು. ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಯೋಚನೆ ಇದ್ದರೆ ಬೇಗ ತಿದ್ದು, ಅವರು ಬಹಳ ಮೊದಲೇ ಪುಟ ತುಂಬಿಸಿಕೊಂಡಿರುತ್ತಾರೆ. ತಿದ್ದಿದ್ದನ್ನು ನನಗೆ ಕಳಿಸುವಾಗ ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಡ, ಟೈಪ್ ಮಾಡಿ ಕಳಿಸು. ನನ್ನ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಈಗ ಕಾಣುವುದಿಲ್ಲ.

ನಿನ್ನ ಅಕ್ಕ