ಕಂಬದ ಮೇಲಿನವನಿಗೆ ಒಂದು ಲೋಟ ಕಷಾಯ

ಸಂಪಾದಕರೇ,

ನಿಮ್ಮ ಓದುಗರ ಪತ್ರ ವಿಭಾಗಕ್ಕೆ ನಾನು ಈವರೆಗೆ ಬರೆದದ್ದೆಲ್ಲ ಹೆಚ್ಚುಕಮ್ಮಿ ಕರೆಂಟ್ ಬಗ್ಗೆಯೇ. ಮಳೆಗಾಲ ಶುರುವಾಗುವಾಗ ಒಂದು, ಮುಗಿಯುವಾಗ ಒಂದು. ಕೆಲವನ್ನು ಹಾಕಿದ್ದೀರಿ, ಕೆಲವನ್ನು ಹಾಕಿಲ್ಲ. ಹಾಕದೇ ಇದ್ದದ್ದು ಒಳ್ಳೇದೇ ಆಯ್ತು, ಅವುಗಳ ಭಾಷೆ ಸ್ವಲ್ಪ ಜಾಸ್ತಿ ಬಿಸಿಯಾಗಿತ್ತು.

ನಮ್ಮದು ಮಲೆನಾಡಿನ ಒಂದು ಮೂಲೆ. ಜುಲೈಯಲ್ಲಿ ಗಾಳಿ ಎದ್ದರೆ ಕರೆಂಟ್ ಹೋಗುತ್ತದೆ, ಹೋದದ್ದು ಎರಡು ಮೂರು ದಿನ ಬರುವುದಿಲ್ಲ. ಟವರಿನ ಬ್ಯಾಟರಿ ಖಾಲಿಯಾದ ಮೇಲೆ ನೆಟ್‌ವರ್ಕೂ ಇಲ್ಲ. ಚಟ್ನಿ ಬೇಕಂದರೆ ಒರಳು ತೊಳೆಯಬೇಕು, ಒದ್ದೆ ಬಟ್ಟೆ ಒಲೆ ಮೇಲೆ ನೇತು ಹಾಕಬೇಕು, ಅದು ಒಣಗುವ ಬದಲು ಹೊಗೆ ವಾಸನೆ ಹಿಡಿಯುತ್ತದೆ. ಸಿಟ್ಟು ಬರದೇ ಇರುತ್ತಾ? ಅದೂ ಎಂಥ ಜಾಗದಲ್ಲಿ! ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರ ಒಂದೇ 1,035 ಮೆಗಾವಾಟ್‌ನದ್ದು. ಅದಕ್ಕಾಗಿ ಮನೆ, ಗದ್ದೆ, ದೇವಸ್ಥಾನ ನೀರಲ್ಲಿ ಬಿಟ್ಟು ಎದ್ದು ಬಂದವರು ನಮ್ಮ ಕಡೆಯವರೇ, ಅವರಲ್ಲಿ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿವೆ. ದೀಪದ ಬುಡದಲ್ಲಿ ಕತ್ತಲು ಅನ್ನುವ ಗಾದೆಯನ್ನು ನಮ್ಮನ್ನು ನೋಡಿಯೇ ಕಟ್ಟಿರಬೇಕು.

ಬೆಂಗಳೂರಲ್ಲಿರುವ ಮಗಳು ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿ ಒಂದು ಉಪಾಯ ಹೇಳಿದಳು. ಅಮೆರಿಕದಲ್ಲಿ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲ್ಲೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರಂತೆ. ಅದರಲ್ಲಿ ಕೆಲವರಿಗೆ ವಾರಕ್ಕೊಮ್ಮೆ ತಮಗಾದ ಉಪಕಾರಗಳನ್ನು ಬರೆಯಲು ಹೇಳಿದರು, ಕೆಲವರಿಗೆ ತಮಗಾದ ಕಿರಿಕಿರಿಗಳನ್ನು. ಹತ್ತು ವಾರದ ಕೊನೆಗೆ, ಉಪಕಾರ ಬರೆದವರೇ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಲ್ಲಿದ್ದರು. "ಅಪ್ಪಾ, ನೀನು ಮೂವತ್ತು ವರ್ಷದಿಂದ ಎರಡನೇ ಗುಂಪಲ್ಲೇ ಇದ್ದೀಯ" ಅಂದಳು. ನಕ್ಕು ಸುಮ್ಮನಾದೆ. ಪುಸ್ತಕ ಇಟ್ಟುಕೊಂಡು ದಿನಾ ಉಪಕಾರ ಸ್ಮರಣೆ ಬರೆಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ನಡೆದದ್ದು ಹೇಳುತ್ತೇನೆ. ಕರೆಂಟ್ ಹೋಗಿ ಮೂರನೇ ದಿನ. ಗುಡ್ಡ ಹತ್ತಿದರೆ ಒಂದು ಗೆರೆ ಸಿಗ್ನಲ್ ಸಿಗುತ್ತದೆ, ಅಲ್ಲಿ ನಿಂತು ಲೈನ್‌ಮನ್‌ಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಮಾತಾಡಿದೆ. ಸಂಬಳ ತಗೊಳ್ಳೋದು ಯಾತಕ್ಕೆ ಅಂತಲೂ ಕೇಳಿದೆ. ಆ ಕಡೆಯಿಂದ "ಬರ್ತೀನ್ರಿ" ಅಂತಷ್ಟೇ ಉತ್ತರ.

ಬಂದದ್ದು ಸಂಜೆ ಏಳಕ್ಕೆ. ತಲೆಗೆ ಟಾರ್ಚ್ ಕಟ್ಟಿಕೊಂಡ ಒಬ್ಬ ಹುಡುಗ, ಜೊತೆಗೆ ಹಗ್ಗ, ಕತ್ತಿ ಹಿಡಿದ ಇನ್ನೊಬ್ಬ. ಟಾರ್ಚಿನ ಹುಡುಗನೇ ಲೈನ್‌ಮನ್, ಬಾಗಲಕೋಟೆ ಕಡೆಯವನು. ಜಗಲಿಗೆ ಬಂದವನೇ ಪ್ಯಾಂಟ್ ಮಡಿಸಿ ಇಂಬಳ ಕೀಳಲು ಕೂತ. ಎಡಗಾಲಲ್ಲೇ ಏಳು ಎಣಿಸಿದೆ, ರಕ್ತ ಮಳೆ ನೀರಿನ ಜೊತೆ ಸೇರಿ ಜಗಲಿಯ ಮೇಲೆ ಹರಿಯಿತು. ನಮ್ಮಮ್ಮ ಸುಣ್ಣ, ಹೊಗೆಸೊಪ್ಪು ತಂದುಕೊಟ್ಟಳು. "ನಮ್ಮೂರಾಗ ವರ್ಷಕ್ಕ ಬರೋ ಮಳಿ ಇಲ್ಲಿ ವಾರಕ್ಕ ಬರತೈತ್ರಿ" ಅಂದ. ಆಮೇಲೆ ಒಂದು ಮಾತು ಹೇಳಿದ, ಜೋರು ಮಾಡದೆ, ಸುಮ್ನೆ ಸುದ್ದಿ ಹೇಳಿದ ಹಾಗೆ: "ಲೈನ್ ಮ್ಯಾಲೆ ಬಿದ್ದಿದ್ದು ನಿಮ್ಮದ ಗಿಡಾರೀ."

ನಮ್ಮ ಬೇಣದ ಅಂಚಿನ ಅಕೇಶಿಯಾ. ಏಪ್ರಿಲ್‌ನಲ್ಲೇ ಅವನು ಬಂದು ಟೊಂಗೆ ಕಡಿಸಿ ಅಂದಿದ್ದ. ನಾನು "ಮರ ಬೆಳೆಸೋದು ಕಡಿಯೋಕಲ್ಲ" ಅಂತ ದೊಡ್ಡದಾಗಿ ಭಾಷಣ ಮಾಡಿ ಕಳಿಸಿದ್ದೆ. ಆ ಒಂದು ಮರಕ್ಕೆ ನಾಲ್ಕು ಊರು ಮೂರು ದಿನ ಕತ್ತಲಲ್ಲಿತ್ತು, ಅವನು ಅದನ್ನು ಹುಡುಕುತ್ತಾ ಬೆಳಗ್ಗೆಯಿಂದ ಲೈನ್ ಉದ್ದಕ್ಕೂ ನಡೆದಿದ್ದ.

ಕಂಬ ಹತ್ತುವ ಮೊದಲು ಅವನು ಕೇಳಿದ ಇನ್ನೊಂದು ಪ್ರಶ್ನೆಯನ್ನೂ ನಿಮ್ಮ ಓದುಗರು ಕೇಳಬೇಕು. ಹತ್ತಿರದ ಯಾರ ಮನೆಯಲ್ಲಾದರೂ ಜನರೇಟರ್ ಓಡುತ್ತಿದೆಯಾ ಅಂತ. ಕರೆಂಟ್ ಸ್ಟೇಷನ್‌ನಿಂದ ಎಲ್‌ಸಿ (ಲೈನ್ ಕ್ಲಿಯರ್) ತಗೊಂಡಿದ್ದ, ಅಂದರೆ ಅಲ್ಲಿಂದ ಲೈನ್ ಬಂದ್. ಆದರೂ ಯಾಕೆ? ಲೈನ್ ಕರೆಂಟು, ಜನರೇಟರ್ ಕರೆಂಟು ಎರಡೂ ಕೂಡದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆ ವೈರಿಂಗಿಗೆ ಸಿಕ್ಕಿಸಿದರೆ ಅದರ ಕರೆಂಟ್ ಹಿಂದಕ್ಕೆ ಕಂಬಕ್ಕೆ ಹೋಗುತ್ತದೆ. ಅದು ಟಿಸಿಯೊಳಗೆ, ಅಂದರೆ ಟ್ರಾನ್ಸ್‌ಫಾರ್ಮರಿನೊಳಗೆ, ಉಲ್ಟಾ ಹೊಕ್ಕರೆ ಮನೆಯ 230 ವೋಲ್ಟು ಆ ಕಡೆ 11,000 ವೋಲ್ಟಿನ ಲೈನಿಗೆ ಏರುತ್ತದೆ. ಬಂದ್ ಆಗಿದೆ ಅಂತ ನಂಬಿ ತಂತಿ ಮುಟ್ಟಿದವನ ಕಥೆ ಮುಗಿಯಿತು. ಇದಕ್ಕೆ ಇವರು 'ರಿಟರ್ನ್' ಅನ್ನುತ್ತಾರೆ. "ಸ್ಟೇಷನ್‌ದಾಗ ಬಂದ್ ಮಾಡ್ಸೀನ್ರಿ, ನಿಮ್ಮ ಮನೀ ಕಡಿಂದ ಬಂದ್ರ ನಾ ಏನ ಮಾಡ್ಲಿ?" ಅಂದ. ನಮ್ಮ ಜನರೇಟರ್ ಆಗ ಓಡುತ್ತಿತ್ತು ಸ್ವಾಮಿ. ಚೇಂಜ್‌ಓವರ್ ಇರಲಿಲ್ಲ. ನಾನು ಎದ್ದು ಹೋಗಿ ಬಂದ್ ಮಾಡಿದೆ. ಆಗ ನನ್ನ ಕೈ ನಡುಗಿದ್ದು ಚಳಿಗಲ್ಲ.

ಎಂಟೂವರೆಗೆ ಬಲ್ಬ್ ಹತ್ತಿತು. ಅಮ್ಮ ಅವನ ಕೈಗೆ ಒಂದು ಲೋಟ ಕೊಟ್ಟು "ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ" ಅಂದಳು. ಅವನು "ಅಜ್ಜಿ, ಹೊಟ್ಟಿ ಮುಂಜಾನಿಂದ ತಣ್ಣಗ ಐತ್ರಿ, ಬಿಸಿದು ಏನರ ಇದ್ರ ಕೊಡ್ರಿ" ಅಂದ. ಲೋಟದಲ್ಲಿ ಇದ್ದದ್ದು ಬಿಸಿ ಬಿಸಿ ಕಷಾಯವೇ. ಎರಡು ಲೋಟ ಕುಡಿದ.

ಧನ್ಯವಾದ ಅನ್ನುವ ಶಬ್ದ ನಮ್ಮ ಬಾಯಲ್ಲಿ ಸಭೆಯ ಕೊನೆಗೆ, ಜನ ಎದ್ದು ಊಟಕ್ಕೆ ಹೊರಡುವಾಗ ಮಾತ್ರ ಬರುತ್ತದೆ. ಎದುರಿಗೆ ನಿಂತವನಿಗೆ ಹಾಗಂದರೆ ನಾಟಕದ ಮಾತಿನಂತೆ ಕೇಳುತ್ತದೆ. ಅಮ್ಮನ ಮಾತು ನನಗೆ ಬರುವುದಿಲ್ಲ, ಆ ವಯಸ್ಸೂ ಆಗಿಲ್ಲ. ಹಾಗಾಗಿ ನಾನು ಈ ವರ್ಷ ಏಪ್ರಿಲ್‌ನಲ್ಲೇ ಅವನನ್ನು ಕರೆದು, ಲೈನ್ ಬಂದ್ ಮಾಡಿಸಿ, ನಮ್ಮ ಅಂಚಿನ ಟೊಂಗೆಗಳನ್ನೆಲ್ಲ ಕಡಿಸಿದೆ. ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿದೆ, ಖರ್ಚು ಅಂಥದ್ದೇನೂ ಆಗಲಿಲ್ಲ. ಪಕ್ಕದ ಮನೆಯವರಿಗೂ ಹೇಳಿದೆ. ಅವರು ನೋಡೋಣ ಅಂದರು. ಹೋದ ವರ್ಷ ನಾನೂ ಹಾಗೇ ಅಂದಿದ್ದೆ.

ಹಾಗಂತ ನಾನು ದೂರುವುದು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಬ್ಬ ಲೈನ್‌ಮನ್‌ಗೆ ಇಷ್ಟು ಊರು ವಹಿಸಿದರೆ ಅವನು ಎಲ್ಲಿಗೆ ಅಂತ ಓಡುತ್ತಾನೆ? ಅವನ ರೇನ್‌ಕೋಟ್ ಹೆಗಲ ಮೇಲೆ ಹರಿದಿತ್ತು, ಕೈಗವಸು ಯಾವ ಕಾಲದ್ದೋ. ಮಾರ್ಚ್ 4ಕ್ಕೆ ಲೈನ್‌ಮನ್ ದಿವಸ ಅಂತ ಆಚರಿಸುತ್ತಾರೆ, ಸಂತೋಷ. ಆ ದಿನದ ಹಾರದ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಗ್ಲೌಸ್ ಬರುತ್ತದೆ. ಇದನ್ನು ಮೇಲಿನವರಿಗೆ ಬರೆದಿದ್ದೇನೆ, ಪ್ರತಿ ಇಟ್ಟುಕೊಂಡಿದ್ದೇನೆ. ಬೈಗುಳದ ವಿಳಾಸ ಬದಲಾಗಿದೆ ಅಷ್ಟೇ, ಮೊದಲು ಫೋನ್ ಎತ್ತಿದವನಿಗೆ ಬೈಯುತ್ತಿದ್ದೆ.

ಈ ಪತ್ರ ಬರೆಯುವಾಗಲೂ ಕರೆಂಟ್ ಇಲ್ಲ. ಮಧ್ಯಾಹ್ನ ಗುಡ್ಡ ಹತ್ತಿ ಫೋನ್ ಮಾಡಿದ್ದೆ. "ಜಂಪ್ ಕಟ್ ಆಗೈತ್ರಿ, ಕಂಬದ ಮ್ಯಾಲ ಅದೀನಿ" ಅಂದ. ಜಂಪ್ ಅಂದರೆ ಕಂಬದ ಮೇಲೆ ತಂತಿಗಳನ್ನು ಕೂಡಿಸುವ ತುಂಡು ತಂತಿ. ಕಂಬದ ಮೇಲಿದ್ದವನು ಫೋನ್ ಎತ್ತುತ್ತಾನೇನೋ ಮಾರಾಯ ಅಂತ ಬೈದು ಇಟ್ಟೆ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ