ಕಾಡ್ಗಿಚ್ಚಿನ ಹೊಗೆ ಅಳೆಯಲು ನಿನ್ನೆಯ ಸರಾಸರಿ ಸಾಲದು

ಮಾನ್ಯ ಸಂಪಾದಕರೇ,

ಶಿವರಾತ್ರಿಯ ಹಿಂದೆ ಮುಂದೆ ನಮ್ಮ ಕಾಡುಗಳಿಗೆ ಬೆಂಕಿ ಬೀಳುತ್ತದೆ. ಎಷ್ಟು ಎಕರೆ ಸುಟ್ಟಿತು, ಯಾರು ಹಚ್ಚಿದರು ಎಂಬುದೆಲ್ಲ ಮುಖಪುಟಕ್ಕೆ ಬರುತ್ತದೆ. ಹೊಗೆಯ ವಿಚಾರ ಮಾತ್ರ ಹವಾಮಾನ ಅಂಕಣದ ಮೂಲೆಯಲ್ಲಿ ‘ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) 167, ಸಾಧಾರಣ’ ಎಂಬ ಒಂದು ಸಾಲಿಗೆ ಮುಗಿದುಹೋಗುತ್ತದೆ. ಕಾಡಂಚಿನ ಊರುಗಳಿಗೆ ಆ ಸಾಲಿನಿಂದ ಉಪಯೋಗವಿಲ್ಲ. ಎಷ್ಟೋ ದಿನ ಅದು ಸುಳ್ಳು ಧೈರ್ಯವನ್ನೇ ಕೊಡುತ್ತದೆ. ಯಾಕೆ ಎಂಬುದನ್ನು ಲೆಕ್ಕ ಸಮೇತ ಹೇಳುವುದು ಈ ಪತ್ರದ ಉದ್ದೇಶ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚ್ಯಂಕದಲ್ಲಿ ಸೂಕ್ಷ್ಮ ಕಣಗಳ ಅಂಕಿ ಈ ಗಳಿಗೆಯದಲ್ಲ, ಹಿಂದಿನ 24 ಗಂಟೆಗಳ ಸರಾಸರಿ. ಒಂದು ಊರಲ್ಲಿ ಹದಿನೆಂಟು ಗಂಟೆ ಪಿಎಂ 2.5 (ಎರಡೂವರೆ ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣಗಳು) ಪ್ರಮಾಣ ಘನ ಮೀಟರಿಗೆ 40 ಮೈಕ್ರೋಗ್ರಾಂ ಇತ್ತು, ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಹೊಗೆ ಕವಿದು 200 ಮುಟ್ಟಿತು ಎನ್ನೋಣ. ಸರಾಸರಿ 80. ಸೂಚ್ಯಂಕದಲ್ಲಿ ಅದು ಸುಮಾರು 167, ಅಂದರೆ ‘ಸಾಧಾರಣ’. ಆದರೆ ಆ ಆರು ಗಂಟೆ ಜನ ಉಸಿರಾಡಿದ್ದು 200ರ ಗಾಳಿ. ಇಡೀ ದಿನ ಅದೇ ಇದ್ದಿದ್ದರೆ ಸೂಚ್ಯಂಕ 360 ದಾಟಿ ‘ಅತಿ ಕಳಪೆ’ ಎನ್ನುತ್ತಿತ್ತು. ಇದರ ತಿರುವುಮುರುವೂ ಆಗುತ್ತದೆ: ಹತ್ತು ಗಂಟೆಗೆ ಹೊಗೆ ಚದುರಿ ಗಾಳಿ ತಿಳಿಯಾದರೂ ರಾತ್ರಿಯ ಅಂಕಿಗಳು ಸರಾಸರಿಯೊಳಗೆ ಉಳಿದಿರುವುದರಿಂದ ಸೂಚ್ಯಂಕ ಸಂಜೆಯವರೆಗೂ ಇಳಿಯುವುದಿಲ್ಲ. ಹೊಗೆ ಬಂದಾಗಲೂ ತಡ, ಹೋದಾಗಲೂ ತಡ. ಬೆಂಗಳೂರಿನ ವಾಹನದ ಹೊಗೆ ದಿನವೂ ಹೆಚ್ಚುಕಮ್ಮಿ ಒಂದೇ ಹದದಲ್ಲಿರುವುದರಿಂದ ಅಲ್ಲಿಗೆ ಈ ಸರಾಸರಿ ಒಪ್ಪುತ್ತದೆ. ಗಂಟೆಗಳ ಲೆಕ್ಕದಲ್ಲಿ ಬಂದು ಹೋಗುವ ಕಾಡ್ಗಿಚ್ಚಿನ ಹೊಗೆಗೆ ಒಪ್ಪುವುದಿಲ್ಲ.

ಹಾಗಾಗಿ ನೋಡಬೇಕಾದ್ದು ಸೂಚ್ಯಂಕದ ಬಣ್ಣವನ್ನಲ್ಲ, ಪಿಎಂ 2.5ರ ಗಂಟೆವಾರು ಅಂಕಿಯನ್ನು. ಮಂಡಳಿಯ ಜಾಲತಾಣದಲ್ಲಿ ಕೇಂದ್ರವಾರು ಮಾಹಿತಿ ಸಿಗುತ್ತದೆ. ಹಿಂದಿನ ಮೂರು ಗಂಟೆಗಳ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ. 60, 95, 140 ಎಂದು ಏರುತ್ತಿದ್ದರೆ ಸೂಚ್ಯಂಕ ಇನ್ನೂ ‘ತೃಪ್ತಿಕರ’ ಎನ್ನುತ್ತಿದ್ದರೂ ಕಿಟಕಿ ಮುಚ್ಚುವ ಹೊತ್ತಾಯಿತು ಎಂದೇ ಅರ್ಥ.

ಪಕ್ಕದಲ್ಲೇ ಪಿಎಂ 10 (ಪಿಎಂ 2.5 ಸೇರಿ ಹತ್ತು ಮೈಕ್ರಾನ್‌ವರೆಗಿನ ಎಲ್ಲ ಕಣಗಳು) ಇರುತ್ತದೆ, ಅದನ್ನೂ ನೋಡಿ. ಪಿಎಂ 10 ಪ್ರಮಾಣ 120 ಇದ್ದು ಪಿಎಂ 2.5 ಬರೀ 40 ಇದ್ದರೆ ಅದು ಹೆಚ್ಚಾಗಿ ರಸ್ತೆ, ಒಕ್ಕಣೆಯ ಕಣ, ಕ್ವಾರಿಯ ದೂಳು. ಅದೇ 120ರಲ್ಲಿ ಪಿಎಂ 2.5 ಪಾಲೇ 95 ಆಗಿ, ಜತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಏರಿದ್ದರೆ ಎಲ್ಲೋ ಏನೋ ಉರಿಯುತ್ತಿದೆ. ಮೂಗನ್ನು ನಂಬಬೇಡಿ. ಅರ್ಧ ಗಂಟೆ ಹೊಗೆಯಲ್ಲಿದ್ದರೆ ಮೂಗು ಹೊಂದಿಕೊಂಡು ವಾಸನೆ ಗೊತ್ತಾಗುವುದೇ ನಿಲ್ಲುತ್ತದೆ, ಕಣಗಳು ಮಾತ್ರ ಅಷ್ಟೇ ಇರುತ್ತವೆ.

ಮೊಬೈಲ್ ಆ್ಯಪ್‌ಗಳದ್ದು ಬೇರೆಯೇ ಗೊಂದಲ. ಹಲವು ಖಾಸಗಿ ಆ್ಯಪ್‌ಗಳು ಅಮೆರಿಕದ ಅಳತೆಗೋಲು ಬಳಸುತ್ತವೆ. ಪಿಎಂ 2.5 ಪ್ರಮಾಣ 60 ಇದ್ದರೆ ನಮ್ಮ ಸೂಚ್ಯಂಕ 100, ‘ತೃಪ್ತಿಕರ’. ಅದೇ ಗಾಳಿಗೆ ಅಮೆರಿಕದ ಸೂಚ್ಯಂಕ 150ರ ಮೇಲೆ, ‘ಅನಾರೋಗ್ಯಕರ’. ಎರಡೂ ಸುಳ್ಳಲ್ಲ, ಗೆರೆ ಎಳೆದ ಜಾಗ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿಗೆ ಹಾಕಿದ ಮಿತಿ 15, ನಮ್ಮ ದೇಶದ್ದು 60. ಎರಡು ಆ್ಯಪ್‌ಗಳ ಸೂಚ್ಯಂಕಗಳನ್ನು ಹೋಲಿಸಿ ತಲೆ ಕೆಡಿಸಿಕೊಳ್ಳುವ ಬದಲು ಮೈಕ್ರೋಗ್ರಾಂ ಅಂಕಿಯನ್ನೇ ಹಿಡಿದುಕೊಂಡರೆ ಗೊಂದಲವಿಲ್ಲ.

ಇನ್ನು ಅಂಕಿ ಯಾವ ಊರಿನದು ಎಂಬ ಪ್ರಶ್ನೆ. ಮೈಸೂರು, ಚಾಮರಾಜನಗರ, ಮಡಿಕೇರಿ, ಹಾಸನ, ಚಿಕ್ಕಮಗಳೂರು, ಶಿವಮೊಗ್ಗದಲ್ಲಿ ಮಾಪನ ಕೇಂದ್ರಗಳಿವೆ, ಇರುವುದು ಪಟ್ಟಣದೊಳಗೆ. ಬಂಡೀಪುರದಲ್ಲಿ ಬೆಂಕಿ ಬಿದ್ದರೆ ಚಾಮರಾಜನಗರದ ಕೇಂದ್ರ ರಸ್ತೆಯ ಲೆಕ್ಕದಲ್ಲಿ ಐವತ್ತು ಕಿಲೋಮೀಟರ್ ದೂರ. ಗಾಳಿ ಈಶಾನ್ಯದಿಂದ ಬೀಸುತ್ತಿದ್ದರೆ ಹೊಗೆಯೆಲ್ಲ ವಯನಾಡು, ಗೂಡಲೂರಿನ ಕಡೆ ಹೋಗುತ್ತದೆ, ಚಾಮರಾಜನಗರದ ಯಂತ್ರ ಹಸಿರು ತೋರಿಸುತ್ತಲೇ ಇರುತ್ತದೆ. ಯಂತ್ರ ತಪ್ಪು ಮಾಡಿಲ್ಲ, ಅಲ್ಲಿಗೆ ಹೊಗೆ ಹೋಗಿಲ್ಲ ಅಷ್ಟೇ. ಸೂಚ್ಯಂಕ ಕಟ್ಟಲು ಕನಿಷ್ಠ 16 ಗಂಟೆಗಳ ದತ್ತಾಂಶ ಬೇಕು. ಕರೆಂಟು ಹೋಗಿ ಯಂತ್ರ ನಿಂತರೆ ಆ ದಿನದ ಜಾಗ ಖಾಲಿ ಉಳಿಯುತ್ತದೆ. ಖಾಲಿ ಜಾಗವನ್ನು ‘ತೊಂದರೆ ಇಲ್ಲ’ ಎಂದು ಓದುವುದು ದೊಡ್ಡ ತಪ್ಪು.

ಮುನ್ಸೂಚನೆಯ ವಿಷಯಕ್ಕೆ ಬಂದರೆ, ಭಾರತೀಯ ಹವಾಮಾನ ಇಲಾಖೆ ಸಿಲಾಮ್ ಎಂಬ ಗಣಕ ಮಾದರಿಯನ್ನು ಬಳಸುತ್ತದೆ. ಯುರೋಪಿನ ಕೋಪರ್ನಿಕಸ್ ಸೇವೆ ಇಡೀ ಜಗತ್ತಿಗೆ ಐದು ದಿನ ಮುಂಚಿತವಾಗಿ ಕಣಗಳ ನಕ್ಷೆ ಕೊಡುತ್ತದೆ. ವಿಂಡಿ ಆ್ಯಪಿನಲ್ಲಿ ಕಾಣುವ ಪಿಎಂ 2.5 ನಕ್ಷೆಯ ಮೂಲ ಅದೇ. ಇವು ಒಳ್ಳೆಯ ಸಾಧನಗಳು, ಆದರೆ ಎಲ್ಲಿ ಎಡವುತ್ತವೆ ಎಂದು ತಿಳಿದು ಬಳಸಬೇಕು. ಮೊದಲನೆಯದು, ಬೆಂಕಿ ಎಲ್ಲಿದೆ ಎಂಬುದು ಮಾದರಿಗೆ ಗೊತ್ತಾಗುವುದು ಉಪಗ್ರಹದಿಂದ. ಭಾರತೀಯ ಅರಣ್ಯ ಸರ್ವೇಕ್ಷಣೆ ಎಚ್ಚರಿಕೆ ಕಳಿಸಲು ಬಳಸುವ ವಿಯರ್ಸ್ ಉಪಕರಣ ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಸುಮಾರಿಗೆ. ಇಳಿಹೊತ್ತು ಮೂರಕ್ಕೆ ಹತ್ತಿಕೊಂಡ ಬೆಂಕಿ ಅದರ ಕಣ್ಣಿಗೆ ಬೀಳುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಆ ಸಂಜೆಯ ನಕ್ಷೆ ಸ್ವಚ್ಛವಾಗಿಯೇ ಕಾಣುತ್ತದೆ. ಮರದ ನೆರಳಲ್ಲಿ ತರಗೆಲೆ ಸಣ್ಣಗೆ ಕನಲುತ್ತಿದ್ದರೆ, ಲಂಟಾನ ಪೊದೆಯ ಬುಡ ಹೊಗೆಯಾಡುತ್ತಿದ್ದರೆ ಉಪಗ್ರಹಕ್ಕೆ ಕಾಣದೆಯೂ ಹೋಗಬಹುದು. ಅಷ್ಟೇ ಎಲೆ, ಕಟ್ಟಿಗೆ ಸುಟ್ಟರೂ ಹೆಚ್ಚು ಹೊಗೆ ಬರುವುದು ಇಂಥ ಕನಲುವ ಬೆಂಕಿಯಿಂದಲೇ. ನಕ್ಷೆಯ ಕೆಂಪು ಚುಕ್ಕೆಯೂ ಬೆಂಕಿಯ ನಿಖರ ಜಾಗವಲ್ಲ, 375 ಮೀಟರ್ ಚೌಕದ ನಡುಬಿಂದು. ಮಂಡ್ಯದ ಬಯಲಲ್ಲಿ ಕಬ್ಬಿನ ತರಗು ಸುಟ್ಟರೂ ಅದೇ ಕೆಂಪು ಚುಕ್ಕೆ.

ಎರಡನೆಯದು, ಇಂದಿನ ಬೆಂಕಿ ನಾಳೆಯೂ ಹೀಗೇ ಉರಿಯುತ್ತದೆ ಎಂದು ಮಾದರಿಗಳು ಸಾಮಾನ್ಯವಾಗಿ ಹಿಡಿದುಕೊಳ್ಳುತ್ತವೆ. 2019ರ ಫೆಬ್ರವರಿ 21ರಿಂದ ಬಂಡೀಪುರದಲ್ಲಿ ಹರಡಿದ ಬೆಂಕಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ತಿಂದಿತು. 25ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಲು ಬಂದವು. ಒಣ ಲಂಟಾನದ ಇಳಿಜಾರಿನಲ್ಲಿ ಗಾಳಿ ತಿರುಗಿದರೆ ಬೆಂಕಿ ಎಷ್ಟು ಬೇಗ ಬೆಳೆಯುತ್ತದೆ ಎಂಬುದಾಗಲೀ, ಬೆಂಕಿ ರೇಖೆಗೆ (ಬೆಂಕಿ ತಡೆಯಲು ಮೊದಲೇ ಬೋಳುಮಾಡಿದ ಪಟ್ಟಿಗೆ) ಬಂದು ಎಲ್ಲಿ ನಿಲ್ಲುತ್ತದೆ ಎಂಬುದಾಗಲೀ ಮುನ್ಸೂಚನೆಗೆ ಗೊತ್ತಿರುವುದಿಲ್ಲ. ಮೊದಲ ದಿನದ ನಕ್ಷೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ, ನಾಲ್ಕನೆಯ ದಿನದ್ದನ್ನು ಗಾಳಿಯ ದಿಕ್ಕು ತಿಳಿಯಲು ಮಾತ್ರ ನೋಡಿ.

ಮೂರನೆಯದು ನಮ್ಮ ಬೆಟ್ಟಗುಡ್ಡ. ಕೋಪರ್ನಿಕಸ್ ನಕ್ಷೆಯ ಒಂದು ಚೌಕ ಸುಮಾರು 40 ಕಿಲೋಮೀಟರ್. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತುದಿ, ಅದರ ಬುಡದ ಹೊಲ ಎರಡೂ ಅದರ ಪಾಲಿಗೆ ಒಂದೇ ಜಾಗ. ಬಿಸಿಲಿಳಿದ ಮೇಲೆ ನೆಲ ತಣ್ಣಗಾಗಿ, ತಂಪು ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಇಳಿಯುತ್ತದೆ, ಹೊಗೆಯನ್ನೂ ಎಳೆದು ತರುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುವುದರಿಂದ ಹೊಗೆ ಏರಲಾರದು. ಬೆಳಿಗ್ಗೆ ಆರರ ಹೊತ್ತಿಗೆ ಕೆರೆಯ ಮೇಲೆ, ಅಡಿಕೆ ತೋಟದ ನಡುವೆ ನೀಲಿ ಬಣ್ಣದ ಪದರವೊಂದು ಅಲ್ಲಾಡದೆ ಮಲಗಿರುತ್ತದೆ. ಮಂಜು ಎಂದುಕೊಂಡು ಜನ ವಾಕಿಂಗ್ ಹೊರಡುತ್ತಾರೆ, ಮಕ್ಕಳು ಮೈದಾನದಲ್ಲಿ ಓಡುತ್ತಾರೆ. ತಗ್ಗಿನ ಊರುಗಳಲ್ಲಿ ದಿನದ ಅತ್ಯಂತ ಕೆಟ್ಟ ಗಾಳಿ ಅದೇ ಹೊತ್ತಿನದು. ಒಂಬತ್ತು, ಹತ್ತಕ್ಕೆ ನೆಲ ಕಾದ ಮೇಲೆ ಪದರ ಒಡೆದು ಮೇಲೇರುತ್ತದೆ. ಬೆಂಕಿಗೆ ಒಂದೆರಡು ಕಿಲೋಮೀಟರ್ ಹತ್ತಿರದ ಹಾಡಿ, ಊರುಗಳಲ್ಲಿ ಮಾತ್ರ ಲೆಕ್ಕ ತಿರುಗಮುರುಗ: ಅಲ್ಲಿ ಬೆಂಕಿ ಜೋರಾಗುವ ಮಧ್ಯಾಹ್ನವೇ ಕಷ್ಟ.

ಗಾಳಿಯ ದಿಕ್ಕಿನ ಬಗ್ಗೆ ಒಂದು ಮಾತು. ಹವಾಮಾನ ವರದಿಯ ‘ಈಶಾನ್ಯ ಗಾಳಿ’ ಎಂದರೆ ಈಶಾನ್ಯದಿಂದ ಬರುವ ಗಾಳಿ, ಆ ಕಡೆಗೆ ಹೋಗುವುದಲ್ಲ. ಬೆಂಕಿ ನಿಮ್ಮೂರಿನ ಈಶಾನ್ಯಕ್ಕಿದ್ದರೆ ಹೊಗೆ ನಿಮ್ಮ ಕಡೆಗೇ ಬರುತ್ತದೆ.

ಹೊಗೆ ಬಂದ ಮೇಲೆ ಏನು ಮಾಡಬೇಕು? ಹೆಂಚಿನ ಮನೆಯನ್ನು ಪೂರ್ತಿ ಮುಚ್ಚಲು ಹೋಗಬೇಡಿ, ಆಗದ ಕೆಲಸ. ಮುಚ್ಚಿಗೆ ಇಲ್ಲವೇ ತಾರಸಿ ಇರುವ ಒಂದು ಕೋಣೆ ಆರಿಸಿ ಅದರ ಕಿಟಕಿ, ಬಾಗಿಲಸಂದಿ ಮಾತ್ರ ಮುಚ್ಚಿ. ಆಸ್ತಮಾ ಇರುವವರು, ವಯಸ್ಸಾದವರು, ಗರ್ಭಿಣಿಯರು, ಮಕ್ಕಳು ಅಲ್ಲಿ ಮಲಗಲಿ. ಊದುಬತ್ತಿ, ಸೊಳ್ಳೆಬತ್ತಿ, ಸೌದೆ ಒಲೆ ಆ ಹೊತ್ತಿಗೆ ಬೇಡ. ಕಸ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಏರ್ ಕೂಲರ್ ಹೊರಗಿನ ಗಾಳಿಯನ್ನೇ ಎಳೆಯುತ್ತದೆ, ಆರಿಸಿಬಿಡಿ. ಸೆಕೆ ವಿಪರೀತವಾದರೆ ಹೊಗೆ ಮೇಲೇರಿದ ಹೊತ್ತು ನೋಡಿ ಕಿಟಕಿ ತೆರೆಯಿರಿ. ಏರ್ ಪ್ಯೂರಿಫೈಯರ್ ಕೊಳ್ಳುವವರು ಕೋಣೆಯ ಅಳತೆ ಹಿಡಿದು ಲೆಕ್ಕ ಹಾಕಿ: 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದರೆ 34 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕಾದರೆ ಡಬ್ಬದ ಮೇಲೆ ಸಿಎಡಿಆರ್ (ಶುದ್ಧ ಗಾಳಿ ಕೊಡುವ ಪ್ರಮಾಣ) ಗಂಟೆಗೆ 170 ಘನ ಮೀಟರ್ ಅಥವಾ ಹೆಚ್ಚು ಇರಬೇಕು. ಆ ಅಂಕಿ ಪೂರ್ಣ ವೇಗಕ್ಕೆ ಮಾತ್ರ, ಸದ್ದು ತಗ್ಗಿಸಿದರೆ ಸೋಸುವುದೂ ತಗ್ಗುತ್ತದೆ.

ಒದ್ದೆ ಟವೆಲು, ಬಟ್ಟೆಯ ಮಾಸ್ಕ್ ಈ ಕಣಗಳಿಗೆ ತಡೆಯಲ್ಲ. ಎನ್95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಬೇಕು. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದು ಚೆನ್ನಾಗಿ ಕೂರುತ್ತದೆ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಯ ಬೆರಳಿಂದ ಒತ್ತಿ, ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆ ಬಿಸಿ ಗಾಳಿ ತಾಕಿದರೆ ಅಲ್ಲಿ ಸೋರುತ್ತಿದೆ. ಒಗೆದರೆ ಅದರ ಪದರದ ವಿದ್ಯುದಾವೇಶ ಹೋಗಿ ಅದೂ ಬಟ್ಟೆಯಷ್ಟೇ ಆಗುತ್ತದೆ.

ನಿಮ್ಮಲ್ಲಿ ಕೋರಿಕೆ ಇಷ್ಟೇ. ಫೆಬ್ರವರಿಯಿಂದ ಮೊದಲ ಒಳ್ಳೆಯ ಮಳೆಯವರೆಗೆ, ಕಾಡಂಚಿನ ಜಿಲ್ಲೆಗಳ ಆವೃತ್ತಿಯಲ್ಲಿ ಸೂಚ್ಯಂಕದ ಪಕ್ಕ ಒಂದು ಸಣ್ಣ ಚೌಕ ಕೊಡಿ. ಪತ್ರಿಕೆ ರಾತ್ರಿಯೇ ಅಚ್ಚಿಗೆ ಹೋಗುವುದರಿಂದ ಬೆಳಗಿನ ಅಂಕಿ ಅದರಲ್ಲಿ ಬರಲಾರದು ಎಂಬುದು ಗೊತ್ತಿದೆ. ರಾತ್ರಿ ಒಂಬತ್ತರ ಪಿಎಂ 2.5 ಮೈಕ್ರೋಗ್ರಾಂನಲ್ಲಿ, ಅದು ಯಾವ ಕೇಂದ್ರದ್ದು, ಆ ದಿನ ಉಪಗ್ರಹ ತೋರಿದ ಬೆಂಕಿ ಯಾವ ವಲಯದಲ್ಲಿ, ಮಾರನೆಯ ಬೆಳಗಿನ ಗಾಳಿ ಎಲ್ಲಿಂದ ಎಲ್ಲಿಗೆ — ಇವು ಸಾಕು. ಬೆಳಿಗ್ಗೆ ಆರರ ಅಂಕಿಯನ್ನು, ಶಾಲೆಯ ಗಂಟೆ ಬಾರಿಸುವ ಮೊದಲು, ನಿಮ್ಮ ಜಾಲತಾಣದಲ್ಲಿ ಹಾಕಿ.

ಇತಿ,
ಗುಂಡ್ಲುಪೇಟೆ ತಾಲ್ಲೂಕಿನ ಓದುಗರು