ಹದಿಹರೆಯದವರಿಗೆ ಮೆದುಳು–ಕಂಪ್ಯೂಟರ್ ಕಥೆಗಳು ಬೇಕು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪುಟ್ಟ ಮಕ್ಕಳಿಗೆ ಕಥೆಗಳಿವೆ, ದೊಡ್ಡವರಿಗೆ ಧಾರಾವಾಹಿಯಿದೆ. ಎಂಟನೇ ತರಗತಿಯಿಂದ ಪಿಯುಸಿವರೆಗಿನವರು ತಮ್ಮದೆಂದು ಓದುವಂಥದ್ದು ಮಾತ್ರ ಇಲ್ಲ. ಅವರಿಗಾಗಿ ವೈಜ್ಞಾನಿಕ ಕಥೆಗಳನ್ನು, ಅದರಲ್ಲೂ ಮೆದುಳನ್ನು ಕಂಪ್ಯೂಟರಿಗೆ ಜೋಡಿಸುವ ತಂತ್ರಜ್ಞಾನ ಮತ್ತು ಅದರ ಒಳಹೊಕ್ಕು ನೋಡುವ ಹ್ಯಾಕರ್ ಹುಡುಗ ಹುಡುಗಿಯರ ಕಥೆಗಳನ್ನು ಬರೆಸಿ ಪ್ರಕಟಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಇದು ನಮಗೆ ಸಂಬಂಧವಿಲ್ಲದ ವಿಷಯವೆಂದು ಕೆಲವರಿಗೆ ಅನ್ನಿಸಬಹುದು. 2004ರಲ್ಲಿ ಅಮೆರಿಕದಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಮ್ಯಾಥ್ಯೂ ನೇಗಲ್ ಎಂಬ ಯುವಕನ ಮೆದುಳಿನಲ್ಲಿ ಮೆದುಳಿನ ವಿದ್ಯುತ್ ಸಂಕೇತಗಳನ್ನು ಹಿಡಿಯುವ, ಸುಮಾರು 4 ಮಿಲಿಮೀಟರ್ ಅಗಲದ ಎಲೆಕ್ಟ್ರೋಡ್ ಫಲಕವೊಂದನ್ನು ಅಳವಡಿಸಲಾಯಿತು. ಕೈ ಆಡಿಸುವ ಯೋಚನೆಯೊಂದರಿಂದಲೇ ಅವರು ಪರದೆಯ ಮೇಲಿನ ಕರ್ಸರನ್ನು ಸರಿಸಿದರು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಸಂಸ್ಥೆಯೂ ತನ್ನ ಸಾಧನವನ್ನು ಮೊದಲ ಬಾರಿಗೆ ಮನುಷ್ಯನ ಮೆದುಳಿನಲ್ಲಿ ಇರಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಕೊನೆಗೌಡರನ್ನು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರನ್ನು, ಕಂಡವರಿಗೆ ಈ ಸಂಶೋಧನೆ ಯಾರಿಗಾಗಿ ನಡೆಯುತ್ತಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುತ್ತಿಗೆಯ ಬಳಿ ಪೆಟ್ಟಾಗಿ ಕೈಗಳೂ ಆಡದಾದ ಅಂಥ ಒಬ್ಬ ಕೊನೆಗೌಡರ ಮಗಳೇ ಕಥೆಯ ನಾಯಕಿಯಾಗಲಿ ಎಂಬುದು ನನ್ನ ಆಸೆ. ಅಪ್ಪನ ತಲೆಯೊಳಗಿನ ಸಾಧನವನ್ನು ಮಾಡಿದ ಕಂಪನಿ ಬಾಗಿಲು ಮುಚ್ಚುತ್ತದೆ, ತಂತ್ರಾಂಶಕ್ಕೆ ತಿದ್ದುಪಡಿಗಳು ಬರುವುದು ನಿಲ್ಲುತ್ತದೆ, ಅಪ್ಪ ಬರೆಯುತ್ತಿದ್ದ ಪರದೆ ಒಂದು ದಿನ ಸುಮ್ಮನಾಗುತ್ತದೆ. ಇದು ಪೂರ್ತಿ ಕಲ್ಪನೆಯೂ ಅಲ್ಲ: 350ಕ್ಕೂ ಹೆಚ್ಚು ಜನರ ಕಣ್ಣಿಗೆ ಕೃತಕ ದೃಷ್ಟಿಯ ಸಾಧನ ಅಳವಡಿಸಿದ್ದ ಅಮೆರಿಕದ ಕಂಪನಿಯೊಂದು ಆಮೇಲೆ ಅದರ ತಯಾರಿಕೆಯನ್ನೂ ನಿರ್ವಹಣೆಯನ್ನೂ ಕೈಬಿಟ್ಟು, ಅವರೆಲ್ಲ ದಿಕ್ಕು ತೋಚದೆ ಕೂರುವಂತಾಯಿತು. ಈಗ ಆ ಹುಡುಗಿ, ಕಾರವಾರದ ಬೈತಖೋಲದಲ್ಲಿ ದೋಣಿಗಳ ಜಿಪಿಎಸ್ ರಿಪೇರಿ ಮಾಡಿ ಕೈ ಪಳಗಿಸಿಕೊಂಡ ಗೆಳೆಯನೊಬ್ಬನ ನೆರವಿನಿಂದ, ಸಾಧನದ ಬೀಗ ಮುರಿದು ಒಳಗೆ ಇಳಿದರೆ ಅದು ಕಳ್ಳತನವೋ ಶುಶ್ರೂಷೆಯೋ? ಅಪ್ಪನ ತಲೆಯಲ್ಲಿರುವ ಯಂತ್ರ ಅಪ್ಪನದೋ ಕಂಪನಿಯದೋ? ಆಕೆ ತಪ್ಪಿ ತಂತ್ರಾಂಶದ ಒಂದು ಸಾಲು ಅಳಿಸಿದರೆ ಹೊಣೆ ಯಾರದು? ಹದಿನೈದರ ವಯಸ್ಸಿನವರು ರಾತ್ರಿಯಿಡೀ ಚರ್ಚಿಸಬಲ್ಲ ಪ್ರಶ್ನೆಗಳಿವು, ಮತ್ತು ಇವಕ್ಕೆ ಉತ್ತರ ಕೊಡಬೇಕಾದ ಕಾಲ ಬಂದಾಗ ನಿರ್ಧರಿಸುವವರೂ ಅವರೇ.

ಹ್ಯಾಕರ್ ಎಂದರೆ ಬ್ಯಾಂಕಿನ ಹಣ ದೋಚುವವನೆಂದಷ್ಟೇ ನಮ್ಮ ಮಕ್ಕಳು ಕೇಳಿದ್ದಾರೆ. ಅನುಮತಿಯಿಲ್ಲದೆ, ಕೆಟ್ಟ ಉದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಿದೆ ಎಂಬುದನ್ನು ಕಥೆ ಮರೆಮಾಚಬಾರದು. ತಂತ್ರಾಂಶದಲ್ಲಿ ದೋಷ ಕಂಡುಹಿಡಿದವರು ಅದನ್ನು ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸುವ ದಾರಿಯಿದೆ ಎಂಬುದನ್ನೂ ಅದು ಹೇಳಬೇಕು. ಚಿಲಿ ದೇಶವು 2021ರಲ್ಲಿ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು ಮೆದುಳಿನ ಚಟುವಟಿಕೆ ಮತ್ತು ಅದರಿಂದ ದೊರೆಯುವ ಮಾಹಿತಿಗೆ ರಕ್ಷಣೆ ಕೊಟ್ಟಿದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದಿದೆಯೇ ಹೊರತು ಮೆದುಳಿನ ಮಾತೇ ಇಲ್ಲ.

ಕಥೆಯ ವಿಜ್ಞಾನ ಮಾತ್ರ ಗಟ್ಟಿಯಾಗಿರಬೇಕು. ಶಾಲೆಯಿಂದ ನಿವೃತ್ತಳಾದ ಮೇಲೆ ನಮ್ಮೂರಿನ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸಂಜೆ ಕೂರುವ ನನ್ನನ್ನು ಹತ್ತನೇ ತರಗತಿಯ ಹುಡುಗಿಯೊಬ್ಬಳು, “ಅಕ್ಕೋರೇ, ಮನಸ್ಸಲ್ಲೇ ಇಟ್ಕಂಡ ಪಾಸ್‌ವರ್ಡನ್ನೂ ಕದೀಲಿಕ್ಕೆ ಆಗ್ತದಾ?” ಎಂದು ಕೇಳಿದಳು. ನೆತ್ತಿಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅಳೆಯುವ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟೇ, ಒಮ್ಮೆ ಕಣ್ಣು ಮಿಟುಕಿಸಿದರೂ ಅದು ಮುಚ್ಚಿಹೋಗುತ್ತದೆ, ಹಾಗಾಗಿ ಯೋಚನೆಯನ್ನು ಪುಸ್ತಕದಂತೆ ಓದಲಾಗದು ಎಂದೆ. ಆದರೆ ಪರಿಚಿತವಾದುದು ಎದುರಿಗೆ ಬಂದಾಗ ಸುಮಾರು 300 ಮಿಲಿಸೆಕೆಂಡಿನ ಬಳಿಕ ಮೆದುಳಿನಲ್ಲಿ ಒಂದು ಅಲೆ ಏಳುತ್ತದೆ, ಆಟಕ್ಕೆಂದು ಮಾರುವ ಹೆಡ್‌ಸೆಟ್ಟಿನಿಂದಲೇ ಆ ಅಲೆಯನ್ನು ಹಿಡಿದು ಪಿನ್ ಸಂಖ್ಯೆಯಂಥ ಗುಟ್ಟನ್ನು ಬರಿಯ ಊಹೆಗಿಂತ ಚೆನ್ನಾಗಿ ಅಂದಾಜಿಸಬಹುದೆಂದು 2012ರಲ್ಲಿ ಸಂಶೋಧಕರು ತೋರಿಸಿದ್ದಾರೆ ಎಂದೂ ಹೇಳಿದೆ. ಅವಳು ಮುಂದಿನ ವಾರ ಇನ್ನಿಬ್ಬರನ್ನು ಕರೆತಂದು, ಇದರ ಬಗ್ಗೆ ಕನ್ನಡದಲ್ಲಿ ಕಥೆ ಕೊಡಿ ಎಂದಳು. ಕೊಡಲು ನನ್ನ ಬಳಿ ಒಂದೂ ಇರಲಿಲ್ಲ.

ಆದ್ದರಿಂದ ತಾವು ವಾರಕ್ಕೆ ಅರ್ಧ ಪುಟವನ್ನಾದರೂ ಇಂಥ ಒಂದು ಧಾರಾವಾಹಿಗೆ ಮೀಸಲಿಡಬೇಕು. ಪ್ರತಿ ಕಂತಿನ ವಿಜ್ಞಾನವನ್ನು ಕಾರವಾರದ ವೈದ್ಯಕೀಯ ಕಾಲೇಜಿನ ಅಧ್ಯಾಪಕರಂಥ ಬಲ್ಲವರಿಗೆ ತೋರಿಸಿ ಅಚ್ಚಿಗೆ ಕಳಿಸಬೇಕು; ಓದುವ ಮಕ್ಕಳ ಪ್ರಶ್ನೆಗಳಿಗೂ ಅದರ ಕೆಳಗೆ ನಾಲ್ಕು ಸಾಲಿನ ಜಾಗ ಬಿಡಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಶಿರಸಿ ತಾಲೂಕು